ಸೋರಲೇಬೇಕಾದ ಚಾವಣಿ

ಸ್ವೀಡನ್ನಿನ ಟ್ರೋಲ್‌ಹೆಟ್ಟನ್ನಿನಲ್ಲಿ ವಿಮಾನದ ಎಂಜಿನ್ ಭಾಗಗಳಲ್ಲಿ ಸೋರಿಕೆ ಪತ್ತೆ ಹಚ್ಚುವುದು ನನ್ನ ಉದ್ಯೋಗವಾಗಿತ್ತು. ಕೂದಲೆಳೆಯಷ್ಟು ಸಂದು ಕಂಡರೂ ತಿರಸ್ಕರಿಸುವ ಅಧಿಕಾರ ನನಗಿತ್ತು. ಅದನ್ನು ಮನೆಯ ನಲ್ಲಿಗಳ ಮೇಲೂ ಚಲಾಯಿಸುತ್ತಿದ್ದೆ. ಹೀಗಾಗಿ ೨೦೦೬ರ ಅಕ್ಟೋಬರಿನಲ್ಲಿ ಕೆಳಮನೆಯ ಅಜ್ಜ ಮೆಟ್ಟಿಲು ಹತ್ತಿ ಬಂದು, "ನಂಗೊಂದು ಗುಡಿಸಲು ಕಟ್ಟಿಕೊಡ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಾಗ, ಯೋಗ್ಯನನ್ನೇ ಹುಡುಕಿದ್ದಾರೆ ಎಂದುಕೊಂಡೆ.

ಅಜ್ಜ ಯಹೂದಿ. ಪೂರ್ವಿಕರು ಮರುಭೂಮಿಯಲ್ಲಿ ಅಲೆದ ನೆನಪಿಗೆ ಅವರಲ್ಲಿ ವರ್ಷಕ್ಕೊಮ್ಮೆ ಏಳು ದಿನ ಬಯಲಲ್ಲಿ ಗುಡಿಸಲು ಹಾಕಿ ಉಣ್ಣುವ ಹಬ್ಬವಿದೆ. ಹೆಂಡತಿ ತೀರಿಕೊಂಡ ವರ್ಷವೂ ಅಜ್ಜ ತಪ್ಪಿಸಿರಲಿಲ್ಲವಂತೆ. ಈ ಸಲ ಬಲ ಮಣಿಕಟ್ಟು ಮುರಿದು ಪ್ಲಾಸ್ಟರಿನಲ್ಲಿತ್ತು. ಶುಕ್ರವಾರ ಸೂರ್ಯ ಮುಳುಗಿದರೆ ಹಬ್ಬ ಶುರು. ಆಮೇಲೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಹಿತ್ತಲಿನಲ್ಲಿ ಕೆಲಸಕ್ಕಿಳಿದೆ. ಹಲಗೆಯ ಮೂರು ಗೋಡೆ, ಮೇಲೆ ಅವರು ತರಿಸಿದ್ದ ಸ್ಪ್ರೂಸ್ ಮರದ ಕೊಂಬೆಗಳು. ಕೊಂಬೆಗಳ ಕೆಳಗೆ, ನನ್ನ ವಿನಮ್ರ ಕಾಣಿಕೆಯಾಗಿ, ಒಂದು ಟಾರ್ಪಾಲು. ಬಕೆಟ್ ನೀರು ಸುರಿದು ಪರೀಕ್ಷಿಸಿದೆ. ಹನಿಯೂ ಇಳಿಯಲಿಲ್ಲ.

ಅಜ್ಜ ಒಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದರು. "ಚೆನ್ನಾಗಿದೆ. ಆದ್ರೆ ಇದ್ರಲ್ಲಿ ನಾನು ಉಣ್ಣೋ ಹಾಗಿಲ್ಲ."

"ಯಾಕೆ, ಸೋರ್ತಿದೆಯಾ?"

"ಸೋರ್ತಿಲ್ಲ. ಅದೇ ತೊಂದರೆ."

ಚಾವಣಿಗೆ ಕಡಿದ ಸೊಪ್ಪುಸದೆ ಮಾತ್ರ ಸಲ್ಲುತ್ತದಂತೆ. ಸಂದಿಯಲ್ಲಿ ನಕ್ಷತ್ರ ಕಾಣಬೇಕು, ಜೋರು ಮಳೆ ಒಳಗೆ ಬರಬೇಕು. ಬಾಲ್ಕನಿಯಿಂದ ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ರೀ, ಅವ್ರು ಕೇಳಿದ್ದು ಗುಡಿಸ್ಲು. ನೀವು ಓವರ್‌ಹೆಡ್ ಟ್ಯಾಂಕ್ ಕಟ್ಟಿದೀರ!"

ನಾನು ಗಾಂಭೀರ್ಯ ಬಿಡದೆ ಅಜ್ಜನನ್ನು ಕೇಳಿದೆ: "ಸಂದು ಎಷ್ಟಿರಬೇಕು?"

"ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ಅಷ್ಟೇ."

"ಮಿಲಿಮೀಟರಿನಲ್ಲಿ?"

"ಸೂರ್ಯ ಮುಳುಗೋಕೆ ಮುಕ್ಕಾಲು ಗಂಟೆ ಇದೆ. ಮಿಲಿಮೀಟರು ಊಟದ ಹೊತ್ತಿಗೆ ಮಾತಾಡೋಣ."

ಕೊಂಬೆಗಳನ್ನೆಲ್ಲ ಇಳಿಸಿ, ಟಾರ್ಪಾಲು ಕಿತ್ತು, ಮತ್ತೆ ಒಂದೊಂದಾಗಿ ಹರವಿದೆ. ಅಜ್ಜ ಕೆಳಗಿನಿಂದ ಪ್ಲಾಸ್ಟರಿನ ಕೈಯಲ್ಲೇ ದಿಕ್ಕು ತೋರಿಸಿದರು. ಕೊನೆಯ ಕೊಂಬೆ ಇಟ್ಟಾಗ ಸೂರ್ಯ ಎದುರು ಕಟ್ಟಡದ ಅಂಚಿಗೆ ತಾಗಿದ್ದ.

ಅಂದಿನ ಊಟಕ್ಕೆ ನಮಗೂ ಕರೆಯಿತ್ತು. ನಮ್ಮ ಅಡುಗೆ ಅವರ ಮಡಿಗೆ ಸಲ್ಲದೆಂದು ಸೇಬು ಮಾತ್ರ ಒಯ್ದಿದ್ದೆವು. ಪ್ರಾರ್ಥನೆ ಮುಗಿದು ಸೂಪು ಬಡಿಸುವಷ್ಟರಲ್ಲಿ ಮಳೆ ಜಿನುಗತೊಡಗಿತು. ಮೊದಲ ಹನಿ ನನ್ನ ಬಟ್ಟಲಿಗೇ ಬಿತ್ತು.

"ಮಳೆಯಿಂದ ಊಟ ಕೆಟ್ರೆ ಮನೆಯೊಳಗೆ ಹೋಗಬಹುದು," ಎಂದರು ಅಜ್ಜ.

"ಎಷ್ಟು ಹನಿಗೆ ಕೆಡುತ್ತೆ?"

ಅವರು ಎಡಗೈಯಲ್ಲಿ ಒಂದು ಚಮಚ ಕುಡಿದು ಯೋಚಿಸಿದರು. "ಇನ್ನೂ ಕೆಟ್ಟಿಲ್ಲ."

ಮೋಡ ಸರಿದು ಕೊಂಬೆಗಳ ನಡುವೆ ಚಂದ್ರ ಕಂಡ. ನನ್ನ ಮನೆಯವರಿಗಾಗಿ ಬೆಂಗಳೂರು ಕನ್ನಡ ರೂಢಿಸಿಕೊಂಡಿದ್ದ ನನ್ನ ಧಾರವಾಡದ ಹೆಂಡತಿ ಅದನ್ನು ಮರೆತಳು: "ಅಯ್ಯ, ಇವತ್ತ ಸೀಗಿ ಹುಣ್ಣಿವಿ ಅಲ್ರೀ! ಹೊಲದಾಗ ಕುಂತು ಉಣ್ಣೋ ಹಬ್ಬ!"

ನಾನು ಅನುವಾದಿಸಿದೆ. ಅಜ್ಜ ಚಮಚ ಕೆಳಗಿಟ್ಟು ಕೇಳಿದರು: "ಹೊಲದಲ್ಲಿ ಚಾವಣಿ ಹೇಗಿರುತ್ತೆ?"

"ಚಾವಣಿಯೇ ಇರಲ್ಲ."

"ಓ, ನಮಗಿಂತ ನಿಮ್ಮ ನಿಯಮವೇ ಬಿಗಿ!"

ಯಾರೂ ಏಳಲಿಲ್ಲ. ಅಜ್ಜನ ಪ್ಲಾಸ್ಟರಿಗೆ ಮಾತ್ರ ಸೂರ್ಯ ಮುಳುಗುವ ಮೊದಲೇ ನಾನೊಂದು ಪ್ಲಾಸ್ಟಿಕ್ ಚೀಲ ಬಿಗಿದಿದ್ದೆ. ಅದು ಸೋರಲಿಲ್ಲ, ಅವರೂ ಆಕ್ಷೇಪಿಸಲಿಲ್ಲ.