ಗರಗಸಕ್ಕೆ ಧಾರ ಹಚ್ಚುತ್ತಿದ್ದ ಮಾನಪ್ಪ ಮೇಸ್ತ್ರಿ

ಮಾನಪ್ಪ ಮೇಸ್ತ್ರಿ ಗರಗಸವನ್ನು ಕಾಲಲ್ಲಿ ಹಿಡಿಯುತ್ತಿದ್ದರು. ನೆಲಕ್ಕೆ ಕುಳಿತು, ಹಲ್ಲು ಮೇಲೆ ಮಾಡಿ, ಎರಡೂ ಅಂಗಾಲುಗಳ ನಡುವೆ ಅದನ್ನು ಒತ್ತಿ ನಿಲ್ಲಿಸುತ್ತಿದ್ದರು. ಕೈಗಳೆರಡೂ ಹಲ್ಲು ಹರಿತ ಮಾಡುವ ಮೂರು ಮೂಲೆಯ ಅರ ತಿಕ್ಕುವುದಕ್ಕೆ. ಎದುರಿನ ಗೂಟಕ್ಕೆ ಗಡ್ಡ ಹೆರೆಯುವ ಕನ್ನಡಿಯೊಂದನ್ನು ಕಟ್ಟಿದ್ದರು. ಬಿಸಿಲು ಹೊರಳಿದಂತೆ ಅದನ್ನೂ ಹೊರಳಿಸಿ, ಬೆಳಕು ಹಲ್ಲುಗಳ ಮೇಲೇ ಬೀಳುವಂತೆ ಮಾಡಿಕೊಳ್ಳುತ್ತಿದ್ದರು. ಮೋಡ ಕವಿದ ದಿನ ಕೆಲಸವಿಲ್ಲ. "ಬೆಳಕ ಇರಲಿಲ್ಲಂದ್ರ ಹಲ್ಲ ಸುಳ್ಳ ಹೇಳತಾವು," ಎನ್ನುತ್ತಿದ್ದರು.

ಹಾರೂಗೇರಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ಅಥಣಿ, ರಾಯಬಾಗದ ಬಡಿಗರೂ ಗರಗಸಗಳನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಅಲ್ಲಿಗೆ ಬರುತ್ತಿದ್ದರು. ನಾನು ಪಾಲಬಾವಿಯವನು, ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಅವರ ಹೆಸರೂ ನನಗೆ ಗೊತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಕಬ್ಬು ತುಂಬಿದ ಟ್ರೇಲರ್ ನನ್ನ ಬಲಗಾಲಿನ ಮೇಲೆ ಹಾದುಹೋಯಿತು. ಹಾರೂಗೇರಿಯ ಸಣ್ಣ ದವಾಖಾನೆಯೊಂದರಲ್ಲಿ ಮಲಗಿಸಿದರು. ನಾಲ್ಕನೆಯ ದಿನ ಪಾದ ಕಪ್ಪಾಯಿತು. ಮೊಣಕಾಲ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ತೆಗೆದರು.

ಊರಿಗೆ ಮರಳಿದ ಎರಡು ತಿಂಗಳಿಗೆ ಗುರುತಿಲ್ಲದ ಮುದುಕರೊಬ್ಬರು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ಅವ್ವ ಕೊಟ್ಟ ನೀರು ಮುಟ್ಟಲಿಲ್ಲ.

"ತಮ್ಮಾ, ದವಾಖಾನಿಯೊಳಗ ಎಲುವು ಕೊಯ್ಯೂ ಗರಗಸ ಮೊಂಡ ಆಗಿತ್ತು. ಕಂಪೌಂಡರ್ ನನ್ನ ಕಡೆ ತಂದಿದ್ದ. ಅದಕ್ಕ ಧಾರ ಹಚ್ಚಿದಾಂವ ನಾನ."

ನನ್ನ ಮೈ ಉರಿಯಿತು. "ಅದನ್ನ ಹೇಳಾಕ ಇಲ್ಲಿತನಕ ಬಂದ್ರೇನು? ಎದ್ದ ನಡೀರಿ!" ಎಂದು ಕೂಗಿದೆ.

ಅವರು ಏಳಲಿಲ್ಲ. "ಮೊದಲ ಒಲ್ಲೆ ಅಂದಿದ್ದೆ. ಮೊಂಡ ಹಲ್ಲಿಗೆ ಎಲುವು ಸೀಳತೈತಿ, ಅದ ಚುಚ್ಚಿ ಹುಡುಗ ಜಲ್ಮ ಪೂರಾ ನರಳತಾನ ಅಂದ ಕಂಪೌಂಡರ್. ಮುಂಜಾನಿಂದ ಮಧ್ಯಾಹ್ನತನಕ ಕುಂತ ಮಾಡೀನಿ. ನಿನಗ ಹೇಳದ ಇರಾಕ ಆಗಲಿಲ್ಲ."

ಅಷ್ಟು ಹೇಳಿ ಎದ್ದು ಹೋದರು. ಎಂಟು ದಿನ ಬಿಟ್ಟು ಮತ್ತೆ ಬಂದಾಗ ಬಗಲಲ್ಲಿ ಜಾಲಿ ಕಟ್ಟಿಗೆಯ ಎರಡು ಹಲಗೆಗಳಿದ್ದವು. ನಡುವೆ ಗರಗಸ ಇಟ್ಟು ಬೆಣೆ ಬಡಿದರೆ ಅದು ಅಲುಗುವಂತಿರಲಿಲ್ಲ.

"ಒಂದ ಕಾಲೀಲೆ ಗರಗಸ ಹಿಡಿಯಾಕ ಬರೂದಿಲ್ಲ. ಅದಕ್ಕ ಇದನ್ನ ಮಾಡೀನಿ. ನನ್ನ ಕಣ್ಣ ಮಬ್ಬ ಆಗ್ಯಾವು. ನನ್ನ ಕೆಲಸ ಕಲೀತಿಯೇನು?"

ನಾನು ಮೋರೆ ತಿರುಗಿಸಿದೆ. ಒಳಗಿನಿಂದ ಅವ್ವ, "ಕಳಸತೀನ್ರಿ," ಎಂದಳು.

ಮೊದಲ ತಿಂಗಳು ಅವರ ಮೇಲಿನ ಸಿಟ್ಟಿನಲ್ಲೇ ಅರ ತಿಕ್ಕಿ ಎರಡು ಗರಗಸ ಕೆಡಿಸಿದೆ. ಅವರು ಬಯ್ಯಲಿಲ್ಲ. ಸೀಮೆಎಣ್ಣೆಯ ಚಿಮಣಿ ಹಚ್ಚಿ, ಅದರ ಹೊಗೆಗೆ ಹಲ್ಲುಗಳನ್ನು ಹಿಡಿದು ಕಪ್ಪಾಗಿಸಿ ಕೊಟ್ಟರು. ಅರ ತಾಗಿದಲ್ಲಿ ಮಸಿ ಹೋಗಿ ಬಿಳುಪು ಕಾಣುತ್ತಿತ್ತು. "ಈಗ ತುದಿ ನೋಡ. ತುದಿ ಹೊಳಿಯೂ ಹಲ್ಲ ಇನ್ನೂ ಮೊಂಡ ಐತಿ. ಧಾರ ಬಂದದ್ದರ ತುದಿ ಬೆಳಕಿಗೆ ಕಾಣೂದ ಇಲ್ಲ." ಕನ್ನಡಿಯನ್ನು ಗೂಟದಿಂದ ಬಿಚ್ಚಿ, ನನ್ನ ಕೆಲಸದ ಮೇಲೆ ಬೆಳಕು ಬೀಳುವಂತೆ ತಾವೇ ಹಿಡಿದು ಕೂರುತ್ತಿದ್ದರು. ಕೈ ಸೋತರೆ ಇನ್ನೊಂದು ಕೈ.

ಒಂದು ದಿನ ಅಥಣಿಯ ಬಡಿಗನೊಬ್ಬ ತನ್ನ ಗರಗಸವನ್ನು ಹಲಗೆ ತುಂಡೊಂದರ ಮೇಲೆ ಎಳೆದು ನೋಡಿ, "ಮೇಸ್ತ್ರಿ, ನಿಮ್ಮ ಕೈ ಇನ್ನೂ ಹಂಗ ಐತಿ ನೋಡ್ರಿ," ಎಂದ.

"ನಂದಲ್ಲೋ, ಅವಂದು," ಎಂದು ನನ್ನ ಕಡೆ ತೋರಿಸಿದರು.

ಅವತ್ತು ಮೊದಲ ಸಲ ಅವರನ್ನು ಕಾಕಾ ಎಂದು ಕರೆದೆ.

ಏಳು ವರ್ಷ ಹೀಗೆ ನಡೆಯಿತು. ಕಣ್ಣು ಪೂರ್ತಿ ಹೋದ ಮೇಲೆ ಮಗಳು ಅವರನ್ನು ರಾಯಬಾಗಕ್ಕೆ ಕರೆದೊಯ್ದಳು. ತೀರಿಕೊಳ್ಳುವ ಒಂದು ವಾರ ಮೊದಲು ನೋಡಲು ಹೋಗಿದ್ದೆ. ದನಿ ಹಿಡಿದು ಗುರುತಿಸಿದರು. "ತಮ್ಮಾ, ಒಂದ ಮಾತ ಕೇಳೂದ ಉಳದೈತಿ," ಎಂದರು.

"ಕೇಳ್ರಿ ಕಾಕಾ."

"ಎಲುವು ಚುಚ್ಚತೈತೇನು?"

ಇಷ್ಟು ವರ್ಷ ಪಕ್ಕದಲ್ಲೇ ಕುಳಿತರೂ ಇದನ್ನು ಕೇಳಲು ಅವರಿಗೆ ಧೈರ್ಯವಾಗಿರಲಿಲ್ಲ. ನಾನು ಧೋತರ ಸರಿಸಿ, ಅವರ ಕೈಯನ್ನು ತೆಗೆದುಕೊಂಡು ಕೊಯ್ದ ಕಾಲಿನ ತುದಿಯ ಮೇಲೆ ಇಟ್ಟೆ. ಬೆರಳುಗಳು ಗಾಯದ ಕಲೆಯ ಉದ್ದಕ್ಕೂ ಮೆಲ್ಲಗೆ ಸರಿದವು, ನಿಂತವು, ಮತ್ತೆ ಸರಿದವು.

"ಒಂದ ದಿನಾನೂ ಚುಚ್ಚಿಲ್ರಿ," ಎಂದೆ.

ಅವರು ಕೈ ತೆಗೆಯಲಿಲ್ಲ. ಅವರಿಗೆ ನಿದ್ದೆ ಹತ್ತುವವರೆಗೆ ನಾನು ಹಾಗೇ ಕುಳಿತಿದ್ದೆ.