ಮೂಲೆಯಲ್ಲೊಂದು ಬೆರಳಗುರುತು

ಅಮೆರಿಕದ ಪ್ಲೇನ್ಸ್‌ಬರೋದಲ್ಲಿರುವ ತಂಗಿ ಸುಮಾಳ ಮನೆಯಿಂದ ನಾವು ಮೂವರು ಹೊರಟಾಗ ಅಕ್ಟೋಬರ್ ತಿಂಗಳ ಗಾಳಿ ಕಿವಿ ಕೊರೆಯುತ್ತಿತ್ತು. ಮೂರನೆಯವರು ಪಕ್ಕದ ಮನೆಯ ಲೊರೇನ್. ಎಪ್ಪತ್ತು ದಾಟಿದ ಆಫ್ರಿಕನ್ ಅಮೆರಿಕನ್ ಮಹಿಳೆ, ನಿವೃತ್ತ ನರ್ಸ್. ಮೈಸೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು ಎಂದು ಎಷ್ಟು ಹೇಳಿದರೂ ಕೇಳದೆ ನನ್ನನ್ನು ‘ಪ್ರೊಫೆಸರ್’ ಎಂದೇ ಕರೆಯುತ್ತಿದ್ದರು. ಅಂದು ನ್ಯೂಯಾರ್ಕಿನಲ್ಲಿ ಅವರ ಜನಾಂಗದ ಕಲಾವಿದರ ಚಿತ್ರಗಳ ಹರಾಜು. ಅವುಗಳಲ್ಲಿ ಲೊರೇನ್ ತಾಯಿಯ ಚಿತ್ರವೂ ಇತ್ತು, ಬರೆದವರು ಲೊರೇನ್ ತಂದೆಯೇ. ಅದನ್ನು ಹೇಗಾದರೂ ಮನೆಗೆ ತರಬೇಕೆಂಬುದು ಅವರ ಆಸೆ.

ಪ್ರಿನ್ಸ್‌ಟನ್ ಜಂಕ್ಷನ್‌ನಿಂದ ರೈಲು ಹಿಡಿದೆವು. ಹಿರಿಯರಿಗೆ ಅರ್ಧ ಟಿಕೆಟ್. ಅದನ್ನೂ ನಾನು ರೂಪಾಯಿಗೆ ಪರಿವರ್ತಿಸತೊಡಗಿದಾಗ ಸುಮಾ, “ಅಣ್ಣ, ಪ್ಲೀಸ್, ಇವತ್ತೊಂದಿನ ಲೆಕ್ಕ ಬಿಡು” ಎಂದು ಗದರಿದಳು. ನ್ಯೂಯಾರ್ಕ್ ತಲುಪಲು ಒಂದೂಕಾಲು ಗಂಟೆ. ಸುಮಾ ಕಟ್ಟಿ ತಂದಿದ್ದ ಚಿತ್ರಾನ್ನವನ್ನು ಲೊರೇನ್ ಎರಡು ಚಮಚ ತಿಂದು ಡಬ್ಬಿ ಮುಚ್ಚಿಬಿಟ್ಟರು. ನಡುದಾರಿಯ ನ್ಯೂವಾರ್ಕ್ ಊರನ್ನು ದಾಟುವಾಗ ಕಿಟಕಿಯಾಚೆ ಬೆರಳು ತೋರಿಸಿದರು.

“ಅಲ್ಲೇ ನಮ್ಮ ಮನೆ ಇತ್ತು. ನನ್ನ ಹಲ್ಲು ಕೆಟ್ಟು ಕೆನ್ನೆ ಊದಿಕೊಂಡಾಗ ಡಾಕ್ಟರಿಗೆ ಕೊಡೋಕೆ ಅಪ್ಪನ ಹತ್ರ ಏನೂ ಇರ್ಲಿಲ್ಲ. ಅಮ್ಮನ ಚಿತ್ರ ಕೊಟ್ಟುಬಿಟ್ರು. ಡಾಕ್ಟರು ಊರು ಬಿಟ್ಟರು. ಆಮೇಲೆ ಚಿತ್ರ ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ, ಈ ಹರಾಜಿನ ಪಟ್ಟಿಯಲ್ಲಿ ಕಣ್ಣಿಗೆ ಬೀಳೋವರೆಗೂ.”

ಹರಾಜಿಗೆ ಮೊದಲು ಚಿತ್ರಗಳನ್ನು ಹತ್ತಿರದಿಂದ ನೋಡಲು ಬಿಡುತ್ತಾರೆ. ಹಳದಿ ಗೌನು ತೊಟ್ಟ ಹೆಂಗಸೊಬ್ಬಳು ಇಸ್ತ್ರಿ ಮಾಡುತ್ತಿರುವ ಚಿತ್ರ ಅದು. ದಣಿದ ಭುಜದ ಮೇಲೆ ಬೆಳಕು ಬಿದ್ದ ಬಗೆ ಕಂಡು ನಾನು ಇನ್ನೂ ಹತ್ತಿರ ಸರಿದೆ. ಇಂಥ ಕೈಗೆ ಜೀವಮಾನವಿಡೀ ಒಂದು ಪ್ರದರ್ಶನವೂ ಸಿಗಲಿಲ್ಲವೆಂದು ಲೊರೇನ್ ಹೇಳಿದ್ದು ನೆನಪಾಗಿ ಸಿಟ್ಟು ಬಂತು. ಚಿತ್ರದ ಸ್ಥಿತಿಗತಿ ತಿಳಿಸುವ ಚೀಟಿಯಲ್ಲಿ ಹೀಗೆ ಬರೆದಿತ್ತು: ಕೆಳಮೂಲೆಯಲ್ಲಿ ಹಳೆಯ ಸಣ್ಣ ಹಾನಿ, ಸರಿಪಡಿಸಬಹುದು.

ನಾನು ಬಗ್ಗಿ ನೋಡಿದೆ. ಆ ಮೂಲೆಯಲ್ಲಿದ್ದ ಪುಟ್ಟ ಕುಳಿಯ ಸುತ್ತ ಬಣ್ಣ ಉಬ್ಬಿ ನಿಂತಿತ್ತು. ಒಣಗಿದ ಬಣ್ಣ ಹಾಗೆ ಉಬ್ಬುವುದಿಲ್ಲ, ಉದುರುತ್ತದೆ. “ಇದು ಹಾನಿಯಲ್ಲ. ಬಣ್ಣ ಹಸಿ ಇದ್ದಾಗಲೇ ಯಾರೋ ಒತ್ತಿದ್ದಾರೆ” ಎಂದೆ.

“ನಾನೇ” ಎಂದರು ಲೊರೇನ್. “ನಾಲ್ಕು ವರ್ಷದವಳು. ಅಪ್ಪ ಬಯ್ಯಲಿಲ್ಲ, ಅಳಿಸಲೂ ಇಲ್ಲ. ಮೂವರೂ ಇದರಲ್ಲೇ ಇರೋಣ ಅಂದ್ರು.” ಆಮೇಲೆ ನಮ್ಮಿಬ್ಬರ ಕೈ ಹಿಡಿದರು. “ಯಾರಿಗೂ ಹೇಳಬೇಡಿ. ಹಾಳಾದ ಚಿತ್ರ ಅಂತಿದ್ರೆ ನನ್ನ ಕೈಗೆ ಎಟುಕುತ್ತೆ. ಕಥೆ ಸೇರಿದ್ರೆ ಬೆಲೆ ಏರುತ್ತೆ.”

ರೈಲಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ಮನೆಯ ಸಮಾಚಾರವನ್ನೆಲ್ಲ ಒಪ್ಪಿಸುವ ಸುಮಾಳ ಕಡೆ ನೋಡಿದೆ. “ನನ್ನನ್ಯಾಕೆ ನೋಡ್ತೀಯ? ಐ ವೋಂಟ್ ಟೆಲ್ ಎನಿಬಡಿ” ಎಂದು ಸಿಡುಕಿದಳು. ಕೊನೆವರೆಗೂ ಬಾಯಿ ಬಿಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಹರಾಜು ಶುರುವಾಯಿತು. ಬೆಲೆ ಕೂಗುವ ಹೆಂಗಸಿನ ದನಿಯಲ್ಲಿ ಅವಸರವಿರಲಿಲ್ಲ. ಗೋಡೆಯ ಬದಿಯ ಸಾಲಿನಲ್ಲಿ ನೌಕರರು ದೂರದ ಗಿರಾಕಿಗಳ ಪರವಾಗಿ ಫೋನ್ ಹಿಡಿದು ನಿಂತಿದ್ದರು. ಹಳದಿ ಗೌನಿನ ಚಿತ್ರ ಬಂದಾಗ ಲೊರೇನ್ ತಮ್ಮ ನಂಬರಿನ ಫಲಕ ಎತ್ತಿದರು. ಯಾರೂ ಇದನ್ನು ಕಣ್ಣೆತ್ತಿ ನೋಡದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಫೋನಿನವರು ಎತ್ತಿದರು, ಮುಂದಿನ ಸಾಲಿನ ಬೂದು ಕೋಟಿನ ವ್ಯಕ್ತಿಯೂ ಎತ್ತಿದರು. ಲೊರೇನ್ ತಾವು ಕೂಡಿಟ್ಟದ್ದರ ಅಂಚಿಗೆ ಬಂದು ಫಲಕವನ್ನು ತೊಡೆಯ ಮೇಲೆ ಮಗುಚಿಟ್ಟರು. ಬೆಲೆ ಅದರ ಇಮ್ಮಡಿಯಾಯಿತು, ಇನ್ನೂ ಏರಿತು. ಕೊನೆಗೆ ಹರಾಜು ಮುಗಿಸುವ ಸುತ್ತಿಗೆ ಬಿದ್ದಾಗ ಚಿತ್ರ ಬೂದು ಕೋಟಿನವರದಾಯಿತು. ಜನ ಚಪ್ಪಾಳೆ ತಟ್ಟಿದರು.

ಲೊರೇನ್ ಕೂಡ ತಟ್ಟುತ್ತಿದ್ದರು. ಕೆನ್ನೆ ಒದ್ದೆಯಾಗಿತ್ತು. “ಅಪ್ಪ ಬದುಕಿದ್ದಾಗ ಅವರ ಚಿತ್ರ ಕೊಳ್ಳೋಕೆ ಯಾರೂ ಕೈ ಎತ್ತಲಿಲ್ಲ, ಪ್ರೊಫೆಸರ್. ಇವತ್ತು ನೋಡಿ.” ನಾನು ಬೇಡಿಕೊಂಡದ್ದನ್ನು ನೆನೆದು ನನಗೆ ನಾಚಿಕೆಯಾಯಿತು. ಆ ಮನುಷ್ಯನನ್ನು ಲೋಕ ಇನ್ನೊಮ್ಮೆ ಕಡೆಗಣಿಸಲಿ ಎಂದಲ್ಲವೇ ನಾನು ಕೇಳಿಕೊಂಡದ್ದು?

ಬೂದು ಕೋಟಿನವರು ಎದ್ದು ಹೊರಟಾಗ ಲೊರೇನ್ ಬಾಗಿಲಲ್ಲಿ ತಡೆದರು. ಅವರೂ ಆಫ್ರಿಕನ್ ಅಮೆರಿಕನ್, ವಯಸ್ಸಾದವರು. ಲೊರೇನ್ ತಮ್ಮ ಹೆಸರು ಹೇಳಲಿಲ್ಲ, ಚಿತ್ರ ಕೊಡಿ ಎನ್ನಲಿಲ್ಲ.

“ಸರ್, ಆ ಮೂಲೆಯನ್ನ ರಿಪೇರಿ ಮಾಡಿಸಬೇಡಿ.”

“ಯಾಕಮ್ಮ? ನಾಳೆಯೇ ಕಳಿಸಬೇಕು ಅಂತಿದ್ದೆ.”

“ಅದು ನಾನು” ಎಂದು ಲೊರೇನ್ ಬಲಗೈ ತೋರುಬೆರಳು ಚಾಚಿದರು.

ಅವರು ಬೆರಳನ್ನು ನೋಡಿದರು, ಮುಖವನ್ನು ನೋಡಿದರು, ಬಳಿಕ ಗೋಡೆಯ ಮೇಲಿನ ಚಿತ್ರದ ಹೆಂಗಸನ್ನು. ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಯಾರನ್ನೂ ಮುಟ್ಟಲು ಬಿಡುವುದಿಲ್ಲ” ಎಂದರು. ತಮ್ಮ ಮನೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲೇ ಇದೆ, ಯಾವಾಗ ಬೇಕಾದರೂ ಬಂದು ನೋಡಬಹುದು ಎಂದೂ ಸೇರಿಸಿದರು.

ಹಿಂದಿರುಗುವ ರೈಲಿನಲ್ಲಿ ಸುಮಾ ಡಬ್ಬಿ ತೆರೆದಳು. ಲೊರೇನ್ ತಣ್ಣಗಾದ ಚಿತ್ರಾನ್ನವನ್ನು ಪೂರ್ತಿ ತಿಂದರು. ನ್ಯೂವಾರ್ಕ್ ಬಂದಾಗ ಈ ಸಲ ಅವರು ಕಿಟಕಿಯತ್ತ ತಿರುಗಲಿಲ್ಲ. “ಅಮ್ಮ ಎಲ್ಲಿದ್ದಾಳೆ ಅಂತ ಇನ್ನು ಯಾರಾದ್ರೂ ಕೇಳಿದ್ರೆ ಹೇಳಬಲ್ಲೆ” ಎಂದರು.