ಮತ್ತಿತರರು ಉಪಸ್ಥಿತರಿದ್ದರು

ನಾನು ಅತಿ ಹೆಚ್ಚು ಸಲ ಬರೆದ ಪದ ಯಾವುದೆಂದು ಯಾರಾದರೂ ಕೇಳಿದರೆ ಸತ್ಯ, ನ್ಯಾಯ ಎಂದೆಲ್ಲ ಹೇಳಿಕೊಳ್ಳುವ ಆಸೆಯೇನೋ ಇದೆ. ಆದರೆ ಅದು ‘ಮತ್ತಿತರರು’. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ಕಡೆಯ ಸುದ್ದಿ ಬರೆಯುವವನು ನಾನು. ಶಂಕುಸ್ಥಾಪನೆಯಿರಲಿ, ಸಸಿ ನೆಡುವುದಿರಲಿ, ಕಬಡ್ಡಿ ಪಂದ್ಯಾವಳಿಯಿರಲಿ, ವರದಿಯ ಬಾಲಕ್ಕೆ ಆರೇಳು ಹೆಸರು ಕಟ್ಟಿ ‘ಮತ್ತಿತರರು ಉಪಸ್ಥಿತರಿದ್ದರು’ ಎಂದು ಮುಗಿಸಿದರೆ ಆ ದಿನದ ಕೆಲಸ ಆದಂತೆ. ಬಹಳ ಉಪಕಾರಿ ಪದ. ಹೆಸರು ಮರೆತುಹೋದವರು, ಹೆಸರೇ ಗೊತ್ತಿಲ್ಲದವರು, ಹೆಸರು ಹಾಕಿದರೆ ಪಕ್ಕದವರು ಮುನಿಸಿಕೊಳ್ಳುವಂಥವರು, ಎಲ್ಲರೂ ಅದರೊಳಗೆ ಅಮಾವಾಸ್ಯೆ ಪೂಜೆಗೆ ಬೆಟ್ಟ ಹತ್ತುವ ಬಸ್ಸಿನ ಜನರಂತೆ ಒತ್ತಿಕೊಂಡು ಹಿಡಿಸುತ್ತಾರೆ. ಪುಟದಲ್ಲಿ ಜಾಗ ಸಾಲದಾಗ ಡೆಸ್ಕಿನವರು ಮೊದಲು ಕತ್ತರಿಸುವುದು ಕೊನೆಯ ಸಾಲನ್ನು. ಹಾಗಾಗಿ ಎಷ್ಟೋ ಸಲ ಮತ್ತಿತರರೂ ಉಪಸ್ಥಿತರಿರುವುದಿಲ್ಲ.

ಈ ಪದದೊಳಗೆ ಬಹಳ ಕಾಲ ವಾಸವಾಗಿದ್ದ ಮನುಷ್ಯ ಸಿದ್ದರಾಜು. ವಾರದ ಆರು ದಿನ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಭಾನುವಾರ ಎಲ್ಲಿ ಕಬಡ್ಡಿಯೋ ಅಲ್ಲಿರುತ್ತಾನೆ. ಆಟಗಾರರಿಗಿಂತ ಎರಡು ಗಂಟೆ ಮೊದಲು ಹೋಗಿ ಕಲ್ಲು ಆರಿಸಿ, ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ಅಂಕಣದ ಗೆರೆ ಎಳೆಯುತ್ತಾನೆ. ಆಮೇಲೆ ಅದೇ ಕೈ ತೊಳೆದುಕೊಂಡು ಸೀಟಿ ಹಿಡಿದು ಅಂಪೈರ್ ಆಗುತ್ತಾನೆ. ಅವನ ಬಳಿ ಅಳತೆಯ ಟೇಪಿಲ್ಲ. ಒಂದು ಹಗ್ಗವಿದೆ. ಅದರಲ್ಲಿ ಅಲ್ಲಲ್ಲಿ ಮಗ್ಗದಿಂದ ಉಳಿದ ರೇಷ್ಮೆ ಎಳೆ ಸುತ್ತಿದ್ದಾನೆ: ಕೆಂಪು ಎಳೆ ಇದ್ದಲ್ಲಿ ಗಂಡಸರ ಅಂಕಣದ ಅಳತೆ, ಹಸಿರು ಇದ್ದಲ್ಲಿ ಹೆಂಗಸರದು. ಒಮ್ಮೆ ಟೇಪು ತಂದ ಒಬ್ಬರು ಅವನ ಅಂಕಣವನ್ನು ಅಳೆದು, ಆಮೇಲೆ ಸುಮ್ಮನೆ ತಮ್ಮ ಟೇಪನ್ನೇ ಅನುಮಾನದಿಂದ ನೋಡಿಕೊಂಡರು.

ಮೈದಾನದಲ್ಲಿ ಅವನ ಜೋಡಿ ಯಳಂದೂರಿನ ನಾಗಮಣಿ ಮೇಡಂ. ನಿವೃತ್ತ ದೈಹಿಕ ಶಿಕ್ಷಕಿ. ಯಾವ ಊರಿನ ಪಂದ್ಯವಾದರೂ ಅಂಕಪಟ್ಟಿ ಬರೆಯುವವರು ಇವರೇ. ಅವರು ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸುವ ಧೈರ್ಯ ಅವರ ರಬ್ಬರಿಗೂ ಇಲ್ಲ. ಇಬ್ಬರ ಹೆಸರೂ ನನ್ನ ವರದಿಯಲ್ಲಿ ಬಂದದ್ದಿಲ್ಲ. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕ ಸಿದ್ದರಾಜು ನಗುತ್ತಲೇ ಕೇಳಿದ: “ಏನ್ ಸಾ, ನಾನು ಮೊನ್ನೆ ಹನೂರ್‌ಗೆ ಓಗಿದ್ನಾ ಇಲ್ವಾ ಅಂತ ನಮ್ಮನೆಯೋಳ್ಗೆ ಅನುಮಾನ. ನಿಮ್ ಪೇಪರ್ ತೋರ್ಸುದ್ರೆ ಇನ್ನೂ ಜಾಸ್ತಿ ಆಯ್ತದೆ.” ನಾನೂ ನಕ್ಕೆ. ಬಸ್ಸು ಹೊರಟ ಮೇಲೆ ಅಷ್ಟು ನಗು ಬರಲಿಲ್ಲ.

ನಮ್ಮ ಕಡೆಯ ಹೊಲಗಳಂಚಿನಲ್ಲಿ ವೀರಗಲ್ಲುಗಳಿವೆ. ಕೆಳಗೆ ಕಾದುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಆ ಕಾಳಗಕ್ಕೆ ಅಡಿಗೆ ಮಾಡಿದವನು, ಕುದುರೆಗೆ ನೀರು ಕುಡಿಸಿದವನು ಎಲ್ಲಿಯೂ ಕಾಣುವುದಿಲ್ಲ. ಆದರೆ ಹಳೆಯ ಶಾಸನಗಳ ಕೊನೆಯಲ್ಲಿ ಕೆಲವೊಮ್ಮೆ ಕಲ್ಲು ಕಡೆದವನ ಹೆಸರು ಇರುವುದುಂಟು. ಉಳಿ ಅವನ ಕೈಯಲ್ಲೇ ಇತ್ತಲ್ಲ! ಸಿದ್ದರಾಜುವಿನ ಕೈಯಲ್ಲಿರುವುದು ಸುಣ್ಣ. ಅವನು ಬೆಳಿಗ್ಗೆ ಬರೆದದ್ದನ್ನು ಸಂಜೆಯೊಳಗೆ ಹದಿನಾಲ್ಕು ಜೊತೆ ಕಾಲುಗಳು ಅಳಿಸಿಹಾಕುತ್ತವೆ.

ಅಂತೂ ಈ ವರ್ಷ ಕೊಳ್ಳೇಗಾಲದ ಪಂದ್ಯಾವಳಿಯ ಸಂಘಟಕರಿಗೆ ಸಿದ್ದರಾಜುವನ್ನು ಸನ್ಮಾನಿಸಬೇಕೆಂದು ತೋಚಿತು. ಬಹಳ ಒಳ್ಳೆಯ ಯೋಚನೆ. ಹುಡುಗಿಯರ ಫೈನಲ್ ಪಂದ್ಯಕ್ಕೆ ಮೊದಲು ಸನ್ಮಾನ ಎಂದು ಆಹ್ವಾನಪತ್ರಿಕೆಯಲ್ಲಿತ್ತು. ಆದರೆ ಮುಖ್ಯ ಅತಿಥಿಗಳು ಬರುವುದು ತಡವಾಗಿ, ರಾಮಾಪುರ ಮತ್ತು ಸತ್ತೇಗಾಲದ ತಂಡಗಳ ಮೊದಲರ್ಧ ಆಡಿಸಿಬಿಟ್ಟರು. ವಿರಾಮಕ್ಕೆ ಸೀಟಿ ಊದುವುದಕ್ಕೂ ಕಾರು ಬರುವುದಕ್ಕೂ ಸರಿಹೋಯಿತು. ಸತ್ತೇಗಾಲ ಮೂರು ಅಂಕ ಮುಂದಿತ್ತು.

ಆಮೇಲೆ ನಡೆದದ್ದನ್ನು ವರದಿಗಾರನಾಗಿ ಇದ್ದದ್ದು ಇದ್ದಂತೆ ಹೇಳುತ್ತೇನೆ. ಮೈದಾನದಲ್ಲಿ ಸಮತಟ್ಟಾದ ಜಾಗವೆಂದರೆ ಸಿದ್ದರಾಜು ಬೆಳಿಗ್ಗೆಯಿಂದ ಹದ ಮಾಡಿದ್ದ ಅಂಕಣವೊಂದೇ. ಸೋಫಾ, ಕುರ್ಚಿ, ಮೈಕು ಎಲ್ಲವನ್ನೂ ಅದರ ಮೇಲೆಯೇ ತಂದಿಟ್ಟರು. ಗೆರೆ ಎಳೆಯುವವನಿಗೆ ಗೌರವ ಸಲ್ಲಿಸಲು ಗೆರೆಯ ಮೇಲೆ ಸೋಫಾ. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸಲಿಲ್ಲ. ಮೊದಲ ಸಾಲಿನಲ್ಲಿ ಕುರ್ಚಿ ಸಿಕ್ಕಿದ್ದರಿಂದ ನನಗೂ ಅನಿಸಲಿಲ್ಲ.

ಭಾಷಣಗಳು ಶುರುವಾದವು. ಕ್ರೀಡೆಯಿಂದ ಶಿಸ್ತು, ಶಿಸ್ತಿನಿಂದ ಸಮಯಪ್ರಜ್ಞೆ ಎಂದು ತಡವಾಗಿ ಬಂದವರೇ ಹೇಳಿದರು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿಗಳೊಂದಿಗೆ ಸಿದ್ದರಾಜುವನ್ನು ಸೋಫಾದಲ್ಲಿ ಕೂರಿಸಿದರು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಪಡುವಣದ ತೆಂಗಿನ ಮರಗಳ ಕಡೆಗೆ ಇಳಿಯುತ್ತಿದ್ದ ಹೊತ್ತನ್ನು. ಮೈದಾನದಲ್ಲಿ ದೀಪವಿಲ್ಲ. ಕತ್ತಲಾದರೆ ಪಂದ್ಯ ನಿಲ್ಲಿಸಿ ನಾಣ್ಯ ಚಿಮ್ಮಿ ಗೆದ್ದವರನ್ನು ಜಿಲ್ಲಾ ಮಟ್ಟಕ್ಕೆ ಕಳಿಸುವುದು ಇಲ್ಲಿನ ರೂಢಿ. ಹೋದ ವರ್ಷ ರಾಮಾಪುರದ ಇದೇ ಹುಡುಗಿಯರು ಹಾಗೆ ನಾಣ್ಯಕ್ಕೆ ಸೋತು ಅಳುತ್ತ ಬಸ್ಸು ಹತ್ತಿದ್ದರು. ಅವರ ನಾಯಕಿ ಮಾದೇವಿ ಈಗ ಸೋಫಾದ ಹಿಂದೆಯೇ ಬಂದು ನಿಂತಿದ್ದಳು.

“ಸಾ, ಇವತ್ತೂ ಕಾಸು ಚಿಮ್ತಾರಾ?” ಎಂದು ಮೆಲ್ಲಗೆ ಕೇಳಿದಳು.

ಪೇಟ ಅಲುಗದಂತೆ ಸಿದ್ದರಾಜು ಹೇಳಿದ: “ಸುಮ್ನಿರವ್ವ. ನನ್ ಮೈಕ್ ಬರ್ಲಿ.”

ಮೈಕು ಬಂತು. ನಾಲ್ಕು ಕೃತಜ್ಞತೆಯ ಮಾತಿಗಾಗಿ ನಾನು ಪೆನ್ನು ತೆಗೆದೆ. ಅವನು ಹೇಳಿದ್ದು ಇಷ್ಟೇ: “ಎಲ್ರಿಗೂ ಕೈ ಮುಗಿತೀನಿ. ನಂಗೆ ಮಾತು ಬರಕಿಲ್ಲ. ತಪ್ಪು ತಿಳ್ಕಬೇಡಿ, ದೊಡ್ಡೋರೆಲ್ಲ ಒಸಿ ಎದ್ದೇಳಿ. ನಿಮ್ ಸೋಫಾ ಕೆಳಗೆ ಗೆರೆ ಅದೆ.”

ಮುಖ್ಯ ಅತಿಥಿಗಳೇ ಮೊದಲು ನಕ್ಕು ಎದ್ದರು. ಅವರು ಎದ್ದ ಮೇಲೆ ಉಳಿದವರು ಕೂರುವಂತಿರಲಿಲ್ಲ. ಸೋಫಾ ಎತ್ತಿದರೆ ಅಡಿಯಲ್ಲಿ ಗೆರೆಯಿಲ್ಲ. ಬರೀ ಬಿಳಿ ಮಣ್ಣು. ಸಿದ್ದರಾಜು ಶಾಲನ್ನು ಸೊಂಟಕ್ಕೆ ಬಿಗಿದ. ಪೇಟ ತೆಗೆಯುವುದು ಮರೆತೇಹೋಯಿತೋ, ಮರ್ಯಾದೆಯಲ್ಲವೆಂದು ಬಿಟ್ಟನೋ ತಿಳಿಯದು. ಹಗ್ಗದ ಒಂದು ತುದಿಯನ್ನು ಮುಖ್ಯ ಅತಿಥಿಗಳ ಕೈಗೆ ಕೊಟ್ಟ. “ಇಲ್ಲೇ ನಿಂತ್ಕಳಿ ಸಾ, ಅಲ್ಲಾಡ್ಬೇಡಿ.” ಇನ್ನೊಂದು ತುದಿ ಹಿಡಿಯುವವರನ್ನು ಹುಡುಕುತ್ತ ಅವನ ಕಣ್ಣು ನನ್ನ ಮೇಲೆ ಬಿತ್ತು.

ನಾನು ವರದಿಗಾರ, ನಡೆಯುವುದನ್ನು ನೋಡಬೇಕೇ ಹೊರತು ನಡೆಸಬಾರದು ಎಂಬ ನಿಯಮವನ್ನು ಇಷ್ಟು ವರ್ಷ ಪಾಲಿಸಿದವನು. ಅದನ್ನು ವಿವರಿಸಲು ಹೊತ್ತಿರಲಿಲ್ಲ. ಹಗ್ಗ ಹಿಡಿದೆ. ಗೆರೆ ಎದ್ದಿತು. ಅಷ್ಟರಲ್ಲಿ ಇನ್ನೊಂದು ತೊಡಕು. ಅಂಚಿನ ಗೆರೆ ಕಾಯಬೇಕಿದ್ದ ಬಂಡಳ್ಳಿಯ ಮೇಷ್ಟ್ರು ಭಾಷಣಗಳ ನಡುವೆ ಬಸ್ಸು ಹಿಡಿದು ಹೊರಟುಹೋಗಿದ್ದರು.

“ನೀವೇ ನೋಡ್ಕಳಿ ಸಾ,” ಎಂದ ಸಿದ್ದರಾಜು. “ಕಾಲು ಆಚೆ ಬಿದ್ರೆ ಕೈ ಎತ್ತಿ. ಅಷ್ಟೇಯ.”

ನಾಗಮಣಿ ಮೇಡಂ ಅಂಕಪಟ್ಟಿಯಿಂದ ತಲೆಯೆತ್ತದೆ ಸೇರಿಸಿದರು: “ಪಂದ್ಯ ನೋಡ್ಬೇಡಿ ಮತ್ತೆ. ಗೆರೆ ನೋಡಿ.”

ಆ ಮಾತಿನ ಭಾರ ನನಗೆ ಗೊತ್ತಾದದ್ದು ಪಂದ್ಯ ಶುರುವಾದ ಮೇಲೆ. ಮುಂದಿನ ಹದಿನೈದು ನಿಮಿಷ ನಾನು ಕಂಡದ್ದು ಹನ್ನೆರಡು ಮೀಟರ್ ಸುಣ್ಣ ಮತ್ತು ಅದರ ಹತ್ತಿರ ಬಂದು ಹಿಂದೆ ಸರಿಯುವ ಬರಿಗಾಲುಗಳನ್ನು. ಜನ ಕೂಗಿದರು, ಯಾಕೆಂದು ಗೊತ್ತಿಲ್ಲ. ಯಾರೋ ಬಿದ್ದ ಸದ್ದಾಯಿತು, ಯಾರೆಂದು ನೋಡಲಿಲ್ಲ. ಎರಡು ಸಲ ಕೈ ಎತ್ತಿದೆ. ಎರಡನೆಯ ಸಲ ಹೊರಗೆ ಬಿದ್ದ ಕಾಲು ಮಾದೇವಿಯದೇ ಎಂದು ಆಮೇಲೆ ತಿಳಿಯಿತು. “ಅಯ್ಯೋ, ಕಣ್ಣು ಕಾಣಕಿಲ್ವಾ ಇವುರ್ಗೆ!” ಎಂದು ರಾಮಾಪುರದ ಹೆಂಗಸೊಬ್ಬರು ನನಗೆ ಕೇಳುವಂತೆಯೇ ಹೇಳಿದರು. ಸಿದ್ದರಾಜು ನನ್ನ ಕೈ ನೋಡಿದ, ಸೀಟಿ ಊದಿದ, ಅವಳನ್ನು ಹೊರಗೆ ಕಳಿಸಿದ. ಅವಳಿಗಾಗಿಯೇ ಸೋಫಾ ಎತ್ತಿಸಿದ ಮನುಷ್ಯ ಅವಳ ಮುಖ ಕೂಡ ನೋಡಲಿಲ್ಲ. ಆಟ ನಡೆಸಿಕೊಡುವವರಿಗೆ ಆಟ ನೋಡಲು ಸಿಗುವುದಿಲ್ಲವೆಂಬುದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಮೊದಲ ಸಾಲಿನ ಕುರ್ಚಿಯಿಂದ ಅದು ಕಾಣುವಂಥದ್ದೂ ಅಲ್ಲ.

ಕೊನೆಯ ಸೀಟಿಯ ಹೊತ್ತಿಗೆ ಕಷ್ಟಪಟ್ಟು ನೋಡಿದರೆ ಗೆರೆ ಕಾಣುವಷ್ಟೇ ಬೆಳಕಿತ್ತು. ರಾಮಾಪುರದ ಹುಡುಗಿಯರು ಕುಣಿದದ್ದರಿಂದ ಯಾರು ಗೆದ್ದರೆಂದು ತಿಳಿಯಿತು. ನಾಣ್ಯ ಯಾರದೋ ಜೇಬಿನಲ್ಲೇ ಉಳಿಯಿತು. ಸನ್ಮಾನದ ಸೇಬುಗಳು ಎರಡೂ ತಂಡಗಳಲ್ಲಿ ಹಂಚಿಹೋದವು. ಖಾಲಿ ಬುಟ್ಟಿಯಲ್ಲಿ ಹಗ್ಗ ಸುತ್ತಿಟ್ಟುಕೊಂಡು ಸಿದ್ದರಾಜು ಪೇಟದ ಸಮೇತ ಮನೆಗೆ ನಡೆದ.

ಆ ಸಂಜೆ ನಾನು ಬಹಳ ಪ್ರೀತಿಯಿಂದ ವರದಿ ಬರೆದೆ. ಶೀರ್ಷಿಕೆಯಲ್ಲೇ ಸಿದ್ದರಾಜು. ಹಗ್ಗ, ರೇಷ್ಮೆ ಎಳೆ, ನಾಗಮಣಿ ಮೇಡಂ ಅವರ ಪೆನ್ಸಿಲು, ಏನನ್ನೂ ಬಿಡಲಿಲ್ಲ. ಹಳೆಯ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸಿದ ಸಮಾಧಾನ. ಡೆಸ್ಕಿನವರೂ ಒಂದಕ್ಷರ ಕತ್ತರಿಸಲಿಲ್ಲ.

ಬೆಳಿಗ್ಗೆ ಅವನ ಫೋನು ಬಂತು. ಧನ್ಯವಾದಕ್ಕೆ ಸಿದ್ಧನಾಗಿ ಎತ್ತಿಕೊಂಡೆ.

“ಸಾ, ಪೇಪರ್ ನೋಡ್ದೆ. ಎಲ್ಲಾ ಬರ್ದಿದ್ದೀರಿ. ಗೆದ್ದೋರ್ ಯಾರು?”

ಪತ್ರಿಕೆ ತಿರುವಿದೆ. ಎರಡು ಕಾಲಂ ವರದಿಯಲ್ಲಿ ರಾಮಾಪುರ ಗೆದ್ದಿತೆಂಬ ಸಾಲೇ ಇರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠವದು: ಯಾರು ಗೆದ್ದರು, ಎಷ್ಟಕ್ಕೆ. ಎಷ್ಟಕ್ಕೆ ಎಂಬುದಂತೂ ನನಗೆ ಗೊತ್ತೇ ಇರಲಿಲ್ಲ.

“ಪಾಯಿಂಟ್ ಎಷ್ಟು ಸಿದ್ದರಾಜು?”

“ನಂಗೆಲ್ ಗೊತ್ತು ಸಾ? ನಾನು ಕಾಲು ಕೈ ನೋಡ್ತಿದ್ದೆ. ಮೇಡಮ್ಮೋರ್ನ ಕೇಳಿ. ಆ ಮಕ್ಕಳು ಏಳೂ ಜನ್ರ ಹೆಸ್ರು ಆಕಿ ಸಾ, ಅವರವ್ವ ಅಪ್ಪ ಕತ್ತರ್ಸಿ ಮಡಿಕತರೆ. ನಮ್ದೆಲ್ಲ ಇದ್ದಿದ್ದೇಯ.”

ನಾಗಮಣಿ ಮೇಡಂ ಪಟ್ಟಿಯನ್ನು ಓದಿ ಹೇಳಿದರು. ರಾಮಾಪುರ ಒಂದು ಅಂಕದಿಂದ ಗೆದ್ದಿತ್ತು. ಮರುದಿನದ ಪತ್ರಿಕೆಗೆ ತಿದ್ದುಪಡಿಯ ಸುದ್ದಿ ಕಳಿಸಿದೆ. ಮೊದಲು ಮಾದೇವಿ, ಆಮೇಲೆ ಆರು ಹುಡುಗಿಯರು, ಸೋತ ಸತ್ತೇಗಾಲದ ಏಳು ಹೆಸರುಗಳು. ಜಾಗ ಮುಗಿಯುತ್ತ ಬಂದಿತ್ತು. ಕೊನೆಯ ಸಾಲು ಹೀಗೆ ಬರೆದೆ: ‘ಸಿದ್ದರಾಜು, ನಾಗಮಣಿ ಮತ್ತಿತರರು ಪಂದ್ಯ ನಡೆಸಿಕೊಟ್ಟರು.’

ಡೆಸ್ಕಿನಿಂದ ಹೊಸ ಉಪಸಂಪಾದಕ ಕೇಳಿದ: “ಇಲ್ಲಿ ಮತ್ತಿತರರು ಬೇಕಾ ಸರ್? ತೆಗೆದರೆ ಒಂದು ಸಾಲು ಉಳಿಯುತ್ತೆ.”

ದಯವಿಟ್ಟು ಇರಲಿ ಎಂದೆ. ಹನ್ನೆರಡು ಮೀಟರ್ ಗೆರೆ ಕಾದವನೊಬ್ಬ ಅದರೊಳಗಿದ್ದಾನೆ, ರಾಮಾಪುರದ ಹೆಂಗಸೊಬ್ಬರ ಬೈಗುಳವನ್ನೂ ತಿಂದಿದ್ದಾನೆ ಎಂದು ಹೇಳಲಿಲ್ಲ.